ರಾತ್ರಿ ಗಾಡಿಗೆ ಮಧ್ಯಾಹ್ನವೇ ವಿಟಿಗೆ ಬನ್ನಿ

ಪ್ರಶ್ನೆ: ಮುಂದಿನ ತಿಂಗಳು ಮನೆಮಂದಿಯೆಲ್ಲ ಮುಂಬೈಗೆ ಹೊರಟಿದ್ದೇವೆ. ವಾಪಸ್ ವಿಜಯಪುರಕ್ಕೆ ಸಿಎಸ್‌ಎಂಟಿಯಿಂದ, ಅಂದರೆ ಹಳೇ ವಿಟಿ ಸ್ಟೇಷನ್‌ನಿಂದ, ರಾತ್ರಿ ಒಂಬತ್ತರ ಮೇಲೆ ಗಾಡಿ. ಲಾಡ್ಜ್ ಮಧ್ಯಾಹ್ನವೇ ಖಾಲಿ ಮಾಡಬೇಕು. ಹೊರಡೋದು ಶುಕ್ರವಾರವೋ ಶನಿವಾರವೋ ಇನ್ನೂ ಗಟ್ಟಿಯಾಗಿಲ್ಲ. ಸ್ಟೇಷನ್ನೇ ನೋಡುವಂಥದ್ದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಅವ್ವನಿಗೆ ಮೊಣಕಾಲು ನೋವು, ಮಗಳಿಗೆ ಹತ್ತು ವರ್ಷ, ಜೊತೆಗೆ ನಾಲ್ಕು ಬ್ಯಾಗು. ಗೋಳಗುಮ್ಮಟ ನೋಡಿ ಬೆಳೆದ ನಮಗೆ ಒಂದು ರೈಲ್ವೆ ಸ್ಟೇಷನ್‌ನಲ್ಲಿ ನೋಡೋಕೆ ಅಂಥದ್ದೇನಿದೆ? ಎಷ್ಟು ಹೊತ್ತು ಬೇಕು?
(ಓದುಗರೊಬ್ಬರು, ವಿಜಯಪುರ)

ಉತ್ತರ: ಶುಕ್ರವಾರವೇ ಹೊರಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮಧ್ಯಾಹ್ನ ಮೂರಕ್ಕೆಲ್ಲ ಸ್ಟೇಷನ್‌ನಲ್ಲಿರಿ. ಐದಾರು ಗಂಟೆ ಕಳೆಯೋದು ಹೇಗಪ್ಪ ಅಂತ ಹೆದರಬೇಡಿ. ಗೋಳಗುಮ್ಮಟ ನೋಡಿ ಬೆಳೆದವರು ಅಂದಿರಲ್ಲ, ಈ ಸ್ಟೇಷನ್ ಸುತ್ತ ನಿಮ್ಮಷ್ಟು ಖುಷಿ ಪಡುವವರು ಬೇರೆ ಯಾರೂ ಇರಲಿಕ್ಕಿಲ್ಲ. ಅದಕ್ಕೂ ಕಾರಣ ಇದೆ.

ಮೊದಲು ಒಂದು ಎಚ್ಚರಿಕೆ. ಟಿಕೆಟ್ ಮತ್ತೊಮ್ಮೆ ತೆಗೆದು ನೋಡಿ. ಮುಂಬೈಯಲ್ಲಿ ದೂರದ ಗಾಡಿ ಹೊರಡುವ ಸ್ಟೇಷನ್ ಒಂದೇ ಅಲ್ಲ. ನಮ್ಮ ಕರ್ನಾಟಕದ ಗಾಡಿಗಳಲ್ಲೇ ಕೆಲವು ಸಿಎಸ್‌ಎಂಟಿಗೆ ಬರುತ್ತವೆ, ಕೆಲವು ದಾದರ್‌ಗೆ, ಕೆಲವು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಯದು, ಮಂಗಳೂರಿನ ಮತ್ಸ್ಯಗಂಧ ಲೋಕಮಾನ್ಯ ತಿಲಕ್‌ದು. ನಿಮ್ಮ ಹೊಸಪೇಟೆ ಗಾಡಿ ಸಿಎಸ್‌ಎಂಟಿಯದೇ. ಆದರೂ ಈಗ ಅಲ್ಲಿ ಸ್ಟೇಷನ್ ಹೊಸದು ಮಾಡುವ ಕೆಲಸ ನಡೆದಿದೆ. ಇಂಥ ಕೆಲಸದ ಹೊತ್ತಿನಲ್ಲಿ ಒಂದಿಷ್ಟು ದಿನ ಕೆಲವು ಗಾಡಿಗಳನ್ನು ದಾದರ್‌ನಲ್ಲೋ ಠಾಣೆಯಲ್ಲೋ ನಿಲ್ಲಿಸಿಬಿಡುವುದುಂಟು. ನನ್ನ ಸೋದರಮಾವ ಒಮ್ಮೆ ಬೋಗಿ ನಂಬರು, ಸೀಟ್ ನಂಬರು ಎಲ್ಲ ಬಾಯಿಪಾಠ ಮಾಡಿಕೊಂಡು ವಿಟಿಗೆ ಬಂದಿದ್ದರು. ಗಾಡಿ ಇದ್ದದ್ದು ಕುರ್ಲಾದಲ್ಲಿ. ಟ್ಯಾಕ್ಸಿ ಹಿಡಿದು ಹೋಗುವಷ್ಟರಲ್ಲಿ ಅದು ಕಲ್ಯಾಣ ದಾಟಿತ್ತು. ಇವತ್ತಿಗೂ ಆ ಮಾತೆತ್ತಿದರೆ ಮನೆಯಲ್ಲಿ ಊಟ ಬಿಟ್ಟು ಏಳುತ್ತಾರೆ.

ಹೆಸರಿನ ಗೊಂದಲವೂ ಇದೆ. ಬೋರ್ಡಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅಂತಿರುತ್ತದೆ. 1887ರಲ್ಲಿ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷವಾದಾಗ, ಇಟ್ಟ ಹೆಸರು ವಿಕ್ಟೋರಿಯಾ ಟರ್ಮಿನಸ್. 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ‘ಮಹಾರಾಜ್’ ಸೇರಿತು. ಟ್ಯಾಕ್ಸಿಯವರಿಗೆ ಮಾತ್ರ ಇವತ್ತಿಗೂ ‘ವಿಟಿ’ ಅಂದರೆ ಸಾಕು. ನಾನು ಮುಂಬೈಗೆ ಬಂದ ಹೊಸತರಲ್ಲಿ, ಸ್ಟೇಷನ್ ಪಕ್ಕದ ಫೋರ್ಟ್ ಅನ್ನುವ ಆಫೀಸು ಪೇಟೆಯ ಕ್ಯಾಂಟೀನುಗಳಲ್ಲಿ ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಹಿರಿಯರು ಇದ್ದರು. ಅವರ ಬಾಯಲ್ಲಿ ಈ ಜಾಗಕ್ಕೆ ‘ಬೋರಿಬಂದರ್’ ಅಂತಲೇ ಹೆಸರು. ಅದು ಇವೆಲ್ಲಕ್ಕಿಂತ ಹಳೆಯದು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಹೊರಟಿದ್ದು ಇಲ್ಲಿದ್ದ ಬೋರಿಬಂದರ್ ಸ್ಟೇಷನ್‌ನಿಂದ. 14 ಡಬ್ಬಿ, ಸುಮಾರು 400 ಜನ, ಎಳೆಯೋಕೆ ಸಾಹಿಬ್, ಸಿಂಧ್, ಸುಲ್ತಾನ್ ಅಂತ ಮೂರು ಇಂಜಿನ್. ಹೋಗಿದ್ದು ಠಾಣೆವರೆಗೆ, 34 ಕಿಲೋಮೀಟರ್. ಆ ಹಳೇ ಸ್ಟೇಷನ್ ಈಗಿಲ್ಲ. ಅದರ ಜಾಗಕ್ಕೇ ಈಗಿನ ಕಟ್ಟಡ ಬಂತು.

ಈಗ ಬ್ಯಾಗು ಮತ್ತು ಮೊಣಕಾಲಿನ ವಿಷಯ. ಜನ ಎಡವೋದು ಇಲ್ಲೇ. ಫೋಟೋದಲ್ಲಿ ಕಾಣುವ ಅರಮನೆಯಂಥ ಮುಖ ಇರೋದು ಪಶ್ಚಿಮಕ್ಕೆ, ದಾದಾಭಾಯಿ ನವರೋಜಿ ರಸ್ತೆಯ ಕಡೆ. ಅದರ ಹಿಂದೆ ಇರೋದು ಲೋಕಲ್ ಗಾಡಿಗಳ ಪ್ಲಾಟ್‌ಫಾರಂ, ಒಂದರಿಂದ ಏಳು. ನಿಮ್ಮ ಮೇಲ್ ಗಾಡಿಗಳದು ಎಂಟರಿಂದ ಹದಿನೆಂಟು. ಅವು ಪೂರ್ವದ ಕಡೆಗಿವೆ. ಟ್ಯಾಕ್ಸಿಯವನಿಗೆ ಸುಮ್ನೆ ‘ವಿಟಿ’ ಅಂದರೆ ಮುಂದಿನ ಕಡೆ ಇಳಿಸುತ್ತಾನೆ. ಆಮೇಲೆ ಆ ಜನಸಂದಣಿಯಲ್ಲಿ ಬ್ಯಾಗು ಎಳೆದುಕೊಂಡು ಒಳಗೆ ನಡೆಯಬೇಕು. ಅದರ ಬದಲು ‘ಪಿ. ಡಿಮೆಲೊ ರೋಡ್ ಕಡೆ, ಮೇಲ್ ಗಾಡಿ ಗೇಟ್’ ಅನ್ನಿ. ಅಲ್ಲಿ ಇಳಿದು ಮೊದಲು ಬ್ಯಾಗುಗಳನ್ನು ಕ್ಲೋಕ್‌ರೂಮಿಗೆ ಹಾಕಿಬಿಡಿ. ಪ್ರಯಾಣದ ಟಿಕೆಟ್ ತೋರಿಸಬೇಕು. ಪ್ರತಿ ಬ್ಯಾಗಿಗೂ ಬೀಗ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಊರಿಂದ ಹೊರಡುವಾಗಲೇ ನಾಲ್ಕು ಪುಟ್ಟ ಬೀಗ ತಂದುಬಿಡಿ. ರಸೀದಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮಗಳ ಕೈಗೆ ಕೊಡಬೇಡಿ.

ನಿಮ್ಮ ಅವ್ವನಿಗೆ ಒಳ್ಳೇ ಸುದ್ದಿ ಏನೆಂದರೆ, ಈ ಸ್ಟೇಷನ್‌ನಲ್ಲಿ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. ಬೇರೆ ಸ್ಟೇಷನ್‌ಗಳಲ್ಲಿ ಗಾಡಿ ಬಂದು ಮುಂದಕ್ಕೆ ಹೋಗುತ್ತದೆ, ಹಾಗಾಗಿ ಹಳಿ ದಾಟಲು ಸೇತುವೆ ಬೇಕು. ಇಲ್ಲಿ ಹಳಿಗಳೆಲ್ಲ ಬಂದು ಮುಗಿದುಹೋಗುತ್ತವೆ. ಹದಿನೆಂಟೂ ಪ್ಲಾಟ್‌ಫಾರಂಗಳ ತಲೆ ಒಂದೇ ಕಡೆ, ಒಂದೇ ಮಟ್ಟದಲ್ಲಿ. ಕೈಬೆರಳುಗಳೆಲ್ಲ ಅಂಗೈಗೆ ಸೇರಿದ ಹಾಗೆ. ಹದಿನೆಂಟರಿಂದ ಒಂದನೇ ಪ್ಲಾಟ್‌ಫಾರಂವರೆಗೆ ಒಂದು ಮೆಟ್ಟಿಲೂ ಹತ್ತದೆ ನಡೆದು ಹೋಗಬಹುದು. ನಡಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಅದೂ ಕಷ್ಟ ಅನಿಸಿದರೆ ವ್ಹೀಲ್‌ಚೇರ್ ಕೇಳಿ. ಕೇಳೋಕೆ ಸಂಕೋಚ ಬೇಡ. ತಪ್ಪಿಸಬೇಕಾದ ಮೆಟ್ಟಿಲು ಅಂದರೆ ಸ್ಟೇಷನ್ ಎದುರಿನ ಸಬ್‌ವೇದು. ಅದಕ್ಕೆ ಆಮೇಲೆ ಬರೋಣ.

ಶುಕ್ರವಾರ ಅಂದೆನಲ್ಲ. ಈ ಕಟ್ಟಡ ಬರೀ ಸ್ಟೇಷನ್ ಅಲ್ಲ, ಆಫೀಸು. ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಅನ್ನುವ ಕಂಪನಿ, ತನ್ನ ಹೆಡ್ ಆಫೀಸಿಗಾಗಿ. ಈಗ ಅದು ಸೆಂಟ್ರಲ್ ರೈಲ್ವೆಯ ಹೆಡ್ ಆಫೀಸು. ದೊಡ್ಡ ಗುಮ್ಮಟ ಇರೋದು ಆ ಆಫೀಸಿನ ಮೆಟ್ಟಿಲಿನ ಮೇಲೆ. ಪ್ಲಾಟ್‌ಫಾರಂ ಕಡೆಯಿಂದ ಅದು ಕಾಣೋದೇ ಇಲ್ಲ. ಅಲ್ಲಿಗೆ ಹೋಗಬೇಕಾದರೆ ರೈಲ್ವೆಯವರೇ ನಡೆಸುವ ಹೆರಿಟೇಜ್ ಗ್ಯಾಲರಿಗೆ ಟಿಕೆಟ್ ತೆಗೆದುಕೊಳ್ಳಬೇಕು. ಅದು ತೆರೆದಿರೋದು ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನದ ಹೊತ್ತು ಮಾತ್ರ. ರಜೆಯ ದಿನ ಬಂದು ಗೇಟಿನ ಕಂಬಿ ಹಿಡಿದು ವಾಪಸ್ ಹೋದವರನ್ನು ಎಷ್ಟು ಜನ ನೋಡಿದ್ದೇನೋ. ಟಿಕೆಟ್ ದರ, ಆ ದಿನದ ಹೊತ್ತು ಎರಡನ್ನೂ ಗೇಟಿನಲ್ಲೇ ಒಮ್ಮೆ ಕೇಳಿಕೊಳ್ಳಿ. ಆಫೀಸು ಆದ್ದರಿಂದ ಗುರುತಿನ ಚೀಟಿ ಜೊತೆಗಿರಲಿ.

ಒಳಗೆ ಹೋದ ಮೇಲೆ ಗ್ಯಾಲರಿಯಲ್ಲಿ ಹಳೇ ಫೋಟೋ, ಮಾದರಿ ಇಂಜಿನ್ನು, ಲಾಟೀನು ಇವೆ. ನಿಮ್ಮ ಮಗಳಿಗೆ ಹದಿನೈದು ನಿಮಿಷ ಹಿಡಿಸುತ್ತದೆ. ನಾನು ಹೇಳೋದು ಆ ಮೆಟ್ಟಿಲ ಹತ್ತಿರ ಹೋಗಿ ನಿಲ್ಲಿ ಅಂತ. ಕಲ್ಲಿನ ಮೆಟ್ಟಿಲುಗಳು ಗೋಡೆಯಿಂದ ಚಾಚಿಕೊಂಡು ಸುತ್ತುತ್ತಾ ಮೇಲೆ ಹೋಗುತ್ತವೆ. ಕೆಳಗೆ ಕಂಬ ಇಲ್ಲ. ಪ್ರತಿ ಮೆಟ್ಟಿಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಅವ್ವ ಹತ್ತೋದು ಬೇಡ. ಕೆಳಗೇ ನಿಂತು ಕತ್ತೆತ್ತಿದರೆ ಸಾಕು. ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಬೀಳುತ್ತಿರುತ್ತದೆ. ಅದರ ಮೇಲೆ ಗುಮ್ಮಟ.

ಇಲ್ಲಿ ನಿಮ್ಮ ಊರಿನ ಕಣ್ಣು ಬೇಕು. ಗೋಳಗುಮ್ಮಟದೊಳಗೆ ನಿಂತು ಮೇಲೆ ನೋಡಿದರೆ ಒಂದರ ಮೇಲೊಂದು ಹಾದುಹೋದ ಎಂಟು ಕಮಾನು ಕಾಣುತ್ತವೆ ಅಲ್ವಾ? ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಅಲ್ಲಿನ ಮೇಸ್ತ್ರಿಗಳು ಕಂಡುಕೊಂಡ ದಾರಿ ಅದು. ಇಲ್ಲೂ ಎಂಟೇ. ಆದರೆ ಬೇರೆ ಥರ. ಈ ಗುಮ್ಮಟ ದುಂಡಗಿಲ್ಲ, ಎಂಟು ಮೂಲೆಯದು. ಎಂಟು ಕಲ್ಲಿನ ಪಕ್ಕೆಲುಬು ಕೆಳಗಿನಿಂದ ಎದ್ದು ತುದಿಯಲ್ಲಿ ಸೇರುತ್ತವೆ. ನಿಮ್ಮಲ್ಲಿ ಕಮಾನುಗಳು ಭಾರ ಹೊತ್ತು ಗುಮ್ಮಟವನ್ನು ನುಣ್ಣಗೆ ಬಿಟ್ಟಿವೆ. ಇಲ್ಲಿ ಗುಮ್ಮಟವೇ ತನ್ನ ಎಲುಬು ತೋರಿಸಿಕೊಂಡು ನಿಂತಿದೆ. ಅಳತೆಯಲ್ಲಿ ಎರಡನ್ನೂ ಹೋಲಿಸಬೇಡಿ. ಸುಮಾರು 44 ಮೀಟರ್ ಅಗಲದ ಗೋಳಗುಮ್ಮಟದ ಮುಂದೆ ಇದು ಮಗು. ಕಟ್ಟುವವನ ಲೆಕ್ಕಾಚಾರ ಹೇಗೆ ಬೇರೆ ಅನ್ನೋದನ್ನು ನೋಡಿ. ಮಗಳಿಗೆ ‘ಎಂಟನ್ನು ಹುಡುಕು’ ಅಂತ ಬಿಡಿ, ಅವಳೇ ನಿಮಗೆ ತೋರಿಸುತ್ತಾಳೆ.

ಕಟ್ಟಿದವನ ಬಗ್ಗೆ ಎರಡು ಮಾತು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಇಂಗ್ಲೆಂಡಿನ ಬಾತ್ ಊರಿನವನು. 1867ರಲ್ಲಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರ್ ಆಗಿ ಬಂದ. ಈ ಕೆಲಸ ಸಿಕ್ಕ ಮೇಲೆ ಯುರೋಪಿಗೆ ಹೋಗಿ ಅಲ್ಲಿನ ಸ್ಟೇಷನ್‌ಗಳನ್ನೆಲ್ಲ ನೋಡಿಕೊಂಡು ಬಂದ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ನೆರಳು ಇದರ ಮೇಲೆ ಬಿದ್ದಿದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. 1878ರಲ್ಲಿ ಕೆಲಸ ಶುರುವಾಗಿ 1888ರಲ್ಲಿ ಮುಗಿಯಿತು. ಹತ್ತು ವರ್ಷ, ಸುಮಾರು 16 ಲಕ್ಷ ರೂಪಾಯಿ. ಆಗಿನ ಕಾಲಕ್ಕೆ ಅದು ಎಂಥ ದುಡ್ಡು ಅಂತ ಯೋಚಿಸಿ. ಕಂಪನಿ ಯಾಕೆ ಇಷ್ಟು ಸುರಿಯಿತು? 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಡಗಿನಲ್ಲಿ ಬಂದವರು ದೇಶದೊಳಗೆ ಹೋಗೋದು ಮುಂಬೈಯಿಂದ, ಒಳನಾಡಿನ ಹತ್ತಿ ಹಡಗು ಹತ್ತೋದೂ ಮುಂಬೈಯಿಂದ. ಆ ಬಾಗಿಲಿನ ಒಡೆಯರು ನಾವು ಅಂತ ತೋರಿಸಿಕೊಳ್ಳಬೇಕಿತ್ತು, ತೋರಿಸಿಕೊಂಡರು.

ಆದರೆ ಸ್ಟೀವನ್ಸ್ ಒಬ್ಬನದೇ ಕೆಲಸ ಅಂತ ಅಂದುಕೊಳ್ಳಬೇಡಿ. ಕಲ್ಲಿನ ಕೆತ್ತನೆಯ ದೊಡ್ಡ ಪಾಲು ಮಾಡಿದ್ದು ಇಲ್ಲಿಯದೇ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ವಿದ್ಯಾರ್ಥಿಗಳು. ಆ ಶಾಲೆ ಇವತ್ತಿಗೂ ಸ್ಟೇಷನ್‌ನಿಂದ ಕೂಗಳತೆಯಲ್ಲಿದೆ. ಅವರ ಕೈ ಎಲ್ಲಿ ಬಿದ್ದಿದೆ ಅಂತ ತಿಳಿಯಬೇಕಾದರೆ ಕಂಬದ ಬೋದಿಗೆಗಳನ್ನು ನೋಡಿ. ಎಲೆಗಳ ನಡುವೆ ನವಿಲು ಇದೆ, ಮಂಗ ಇದೆ, ಗೂಬೆ ಇದೆ. ಮುಂಬೈಯ ಹುಡುಗರು ಇಂಗ್ಲಿಷ್ ಗೋಥಿಕ್, ಅಂದರೆ ಅಲ್ಲಿನ ಹಳೇ ಚರ್ಚುಗಳ ಥರದ, ಎಲೆ ಕೆತ್ತಲು ಕೂತು ನಮ್ಮ ಮರದ ಮಂಗವನ್ನು ತಂದು ಕೂರಿಸಿದ್ದಾರೆ. ನನಗೆ ಇಡೀ ಕಟ್ಟಡದಲ್ಲಿ ಜಾಸ್ತಿ ಇಷ್ಟ ಇದೇ. ಹೊರಗೆ ಗೋಡೆಯಿಂದ ಚಾಚಿದ ವಿಚಿತ್ರ ಪ್ರಾಣಿಗಳ ಮೂತಿ ಕಾಣುತ್ತವಲ್ಲ, ಅವು ಬರೀ ಅಂದಕ್ಕಲ್ಲ. ಮಳೆನೀರು ಗೋಡೆಗೆ ಹರಿಯದಂತೆ ದೂರಕ್ಕೆ ಉಗುಳಲು ಇಟ್ಟವು. ನಮ್ಮ ದೇವಸ್ಥಾನದ ಗೋಡೆಯಲ್ಲಿ ನೀರು ಹೊರಹಾಕುವ ಮಕರದ ಬಾಯಿ ಮಾಡುವ ಕೆಲಸವೇ.

ಗ್ಯಾಲರಿ ಮುಗಿಸಿ ಹೊರಬಂದ ಮೇಲೆ, ಲೋಕಲ್ ಟಿಕೆಟ್ ಕೊಡುವ ಹಾಲಿಗೆ ಬನ್ನಿ. ಇದಕ್ಕೆ ಸ್ಟಾರ್ ಚೇಂಬರ್ ಅಂತ ಹೆಸರು. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಹೊತ್ತು ಬಹಳ ಮುಖ್ಯ. ಸಂಜೆ ಐದೂವರೆಯಾದರೆ ಫೋರ್ಟ್‌ನ ಆಫೀಸುಗಳೆಲ್ಲ ಒಮ್ಮೆಲೇ ಬಿಡುತ್ತವೆ. ಆಗ ಜನ ನಡೆಯೋದಿಲ್ಲ, ಹರಿಯುತ್ತಾರೆ. ಮೊಣಕಾಲು ನೋವಿರುವವರನ್ನು ಆ ಹೊಳೆಗೆ ಇಳಿಸಬೇಡಿ. ನಾಲ್ಕೂವರೆಗೆ ಹೋದರೆ ಸಾಲು ಚಿಕ್ಕದು, ನಿಲ್ಲೋಕೆ ಜಾಗ ಇರುತ್ತದೆ.

ಹಾಲಿನ ಅಂಚಿಗೆ ಒಂದು ಕಂಬ ಹಿಡಿದು ನಿಂತುಕೊಳ್ಳಿ. ಕಂಬವನ್ನು ಕೈಯಿಂದ ಮುಟ್ಟಿ ನೋಡಿ. ನೂರ ಮೂವತ್ತೈದಕ್ಕೂ ಹೆಚ್ಚು ವರ್ಷದಿಂದ ಜನ ಒರಗಿ ಒರಗಿ ಭುಜದ ಎತ್ತರದಲ್ಲಿ ಕಲ್ಲು ಮಿರುಗುತ್ತದೆ, ಅದಕ್ಕಿಂತ ಮೇಲೆ ಮಂಕು. ಈಗ ಮೇಲೆ ನೋಡಿ. ಕಮಾನುಗಳ ನಡುವಿನ ಚಾವಣಿ ನೀಲಿ, ಅದರ ತುಂಬ ಬಂಗಾರದ ಬಣ್ಣದ ನಕ್ಷತ್ರ. ಅದಕ್ಕೇ ಆ ಹೆಸರು. ಇಟಲಿಯ ಅಮೃತಶಿಲೆ, ನುಣುಪು ಮಾಡಿದ ನಮ್ಮ ನೀಲಿ ಕಲ್ಲು, ಮರದ ಕೆತ್ತನೆ. ಆ ನಕ್ಷತ್ರಗಳ ಕೆಳಗೆ ಒಬ್ಬ ‘ಒಂದು ಮುಲುಂಡ್, ರಿಟರ್ನ್’ ಅಂತ ಕಿಟಕಿಯೊಳಗೆ ನೋಟು ತುರುಕುತ್ತಿರುತ್ತಾನೆ. ಅವನು ಮೇಲೆ ನೋಡೋದಿಲ್ಲ. ನೋಡಿದರೆ ಹಿಂದಿನವನು ಬಯ್ಯುತ್ತಾನೆ. 2004ರ ಜುಲೈ 2ರಂದು ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ಬೇರೆ ಎಷ್ಟೋ ಜಾಗಗಳಲ್ಲಿ ಹಗ್ಗ ಕಟ್ಟಿ ದೂರ ನಿಲ್ಲಿಸುತ್ತಾರೆ. ಇಲ್ಲಿ ಲಕ್ಷಗಟ್ಟಲೆ ಜನ ದಿನಾ ಅದರೊಳಗೆ ಓಡುತ್ತಾರೆ. ಬರೀ ಕಲ್ಲು ನೋಡೋದಾದರೆ ನಿಮಗೆ ವಿಜಯಪುರವೇ ಸಾಕು. ಇಲ್ಲಿ ನೋಡಬೇಕಾದ್ದು ಆ ಕಲ್ಲು, ಈ ಜನ ಎರಡೂ ಒಟ್ಟಿಗೆ ಇರೋದನ್ನು.

ಮಗಳಿಗೆ ಇನ್ನೊಂದು ವಿಷಯ ಹೇಳಿ. ದೇಶದ ಮೊದಲ ಕರೆಂಟಿನ ರೈಲು ಓಡಿದ್ದೂ ಇಲ್ಲಿಂದಲೇ. 1925ರ ಫೆಬ್ರವರಿ 3, ಇಲ್ಲಿಂದ ಕುರ್ಲಾಕ್ಕೆ, ಹಾರ್ಬರ್ ಲೈನಿನಲ್ಲಿ. ಒಂದು, ಎರಡನೇ ಪ್ಲಾಟ್‌ಫಾರಂನಲ್ಲಿ ಇವತ್ತಿಗೂ ಹಾರ್ಬರ್ ಲೈನಿನ ಗಾಡಿಗಳೇ ನಿಲ್ಲುತ್ತವೆ.

ಐದು ಗಂಟೆಗೆ ಮುಂಚೆ ಇನ್ನೊಂದು ಕಡೆ ಹೋಗಬೇಕು. ನಿಮಗೆಂದೇ ಇಟ್ಟಿದ್ದೇನೆ ಇದನ್ನು. ಸ್ಟೇಷನ್ನಿನ ಪಕ್ಕದಲ್ಲೇ, ದಕ್ಷಿಣಕ್ಕೆ, ದೊಡ್ಡ ಅಂಚೆ ಕಚೇರಿ ಇದೆ. ಜಿಪಿಒ ಅಂತಾರೆ. ಎಲ್ಲರೂ ವಿಟಿಯ ಫೋಟೋ ತೆಗೆದು, ಇದಕ್ಕೆ ಬೆನ್ನು ಹಾಕಿ ಹೋಗುತ್ತಾರೆ. ಅದರ ನೆತ್ತಿ ನೋಡಿದ ಕೂಡಲೇ ನಿಮ್ಮ ಅವ್ವ ‘ಅಯ್ಯ, ಇದು ನಮ್ಮ ಗುಮ್ಮಟ ಅಲ್ಲೇನು?’ ಅನ್ನದಿದ್ದರೆ ಕೇಳಿ. ಹೌದು, ಅದೇ. ಜಾನ್ ಬೆಗ್ ಅನ್ನುವ ವಾಸ್ತುಶಿಲ್ಪಿ ಇದರ ನಕ್ಷೆ ಹಾಕುವಾಗ ಇಂಗ್ಲೆಂಡಿನ ಕಡೆ ನೋಡಲಿಲ್ಲ, ಬಿಜಾಪುರದ ಕಡೆ ನೋಡಿದ. ಆಗ ಬಿಜಾಪುರ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. 1904ರಲ್ಲಿ ಶುರುವಾದ ಕಟ್ಟಡ 1913ರಲ್ಲಿ ಮುಗಿಯಿತು.

ಈ ಎರಡು ಕಟ್ಟಡಗಳ ನಡುವೆ ಇಪ್ಪತ್ತೈದು ವರ್ಷದ ಅಂತರ ಇದೆ. ನಡೆದರೆ ಐದು ನಿಮಿಷ. ಆ ಇಪ್ಪತ್ತೈದು ವರ್ಷದಲ್ಲಿ ಬ್ರಿಟಿಷರ ರುಚಿ ಹೇಗೆ ಬದಲಾಯಿತು ಅಂತ ಓದಿ ತಿಳಿಯೋದಕ್ಕಿಂತ ಇಲ್ಲಿ ನಿಂತು ನೋಡೋದು ಸುಲಭ. ಮೊದಲು ತಮ್ಮ ಊರಿನ ಚರ್ಚು, ಅರಮನೆಗಳ ಕಮಾನು ತಂದರು. ಆಮೇಲೆ ಈ ನೆಲವನ್ನು ಆಳುವವರು ಈ ನೆಲದ ಥರವೇ ಕಟ್ಟಬೇಕು ಅನ್ನುವ ವಿಚಾರ ಬಂತು. ಆದಿಲ್‌ಶಾಹಿಗಳ ಗುಮ್ಮಟ ಅಂಚೆ ಕಚೇರಿಯ ಮೇಲೆ ಬಂದು ಕೂತಿತು. ಮುಂದೆ ಕೊಲಾಬಾ ಕಡೆ ಹೋದರೆ ದೊಡ್ಡ ಮ್ಯೂಸಿಯಂ ಸಿಗುತ್ತದೆ, ಅದರ ಗುಮ್ಮಟವೂ ನಿಮ್ಮ ಊರಿನ ಕಡೆಯ ನೆಂಟನೇ. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಾಗಲೆಲ್ಲ ಮೊದಲು ಅಂಚೆ ಕಚೇರಿ ತೋರಿಸಿ, ಆಮೇಲೆ ವಿಟಿ ತೋರಿಸುತ್ತಿದ್ದೆ. ಹಿಂದುಮುಂದಾಗಿ ನೋಡಿದರೆ ಪ್ರಶ್ನೆಗಳು ಜಾಸ್ತಿ ಬರುತ್ತವೆ.

ಒಳಗೆ ಹೋಗಿ. ಇದೂ ಕೆಲಸ ನಡೆಯುವ ಕಚೇರಿ, ಬೆಳಗಿನಿಂದ ಸಂಜೆವರೆಗೆ ಯಾರು ಬೇಕಾದರೂ ಹೋಗಬಹುದು. ಗುಮ್ಮಟದ ಕೆಳಗಿನ ಹಾಲಿನಲ್ಲಿ ಕೌಂಟರುಗಳು, ಅಂಟಿನ ಡಬ್ಬಿ, ಪಾರ್ಸೆಲ್ ಹೊಲಿಸಿಕೊಂಡು ಬಂದವರು. ಒಂದು ಕಾರ್ಡು ಕೊಂಡುಕೊಂಡು, ಮಗಳ ಕೈಯಲ್ಲಿ ವಿಜಯಪುರದ ನಿಮ್ಮದೇ ಮನೆ ವಿಳಾಸಕ್ಕೆ ಬರೆಸಿ, ಡಬ್ಬಿಗೆ ಹಾಕಿಸಿ. ನೀವು ಊರು ಸೇರಿದ ಮೇಲೆ ಅದು ಬರುತ್ತದೆ. ಅಲ್ಲಿ ಕೂಗಿದರೆ ಗೋಳಗುಮ್ಮಟದ ಹಾಗೆ ಏಳು ಸಲ ಕೇಳಿಸುತ್ತದೇನೋ ಅಂತ ಪರೀಕ್ಷೆ ಮಾಡಬೇಡಿ. ಕೌಂಟರಿನವರು ಒಂದೇ ಸಲ ಕೂಗುತ್ತಾರೆ, ಅದು ಸಾಕಾಗುತ್ತದೆ.

ಇನ್ನು ಹೊರಗಿನ ಮುಖ. ಅದಕ್ಕೆ ಸಂಜೆಯೇ ಸರಿ. ಮುಖ ಪಶ್ಚಿಮಕ್ಕಿದೆ ಅಂದೆನಲ್ಲ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮಲಾಡಿನ ಹಳದಿ ಕಲ್ಲು ಆಗ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಎದುರಿಗೆ ಮಹಾನಗರಪಾಲಿಕೆಯ ಕಟ್ಟಡ ಇದೆ, ಅದರ ಮುಂದಿನ ಫುಟ್‌ಪಾತಿನಿಂದ ನೋಡಬೇಕು. ಅಲ್ಲಿಗೆ ಸಬ್‌ವೇ ಇದೆ, ಆದರೆ ಮೆಟ್ಟಿಲು, ಅಂಗಡಿ, ನೂಕುನುಗ್ಗಲು. ಅವ್ವ ಜೊತೆಗಿದ್ದರೆ ಜಿಪಿಒ ಮುಂದೆಯೇ ಒಂದು ಟ್ಯಾಕ್ಸಿ ಹಿಡಿದು ಪಾಲಿಕೆಯ ಕಡೆ ಇಳಿಯಿರಿ. ಇಷ್ಟು ಹತ್ತಿರಕ್ಕೆ ಬರೋದಿಲ್ಲ ಅಂತ ಗೊಣಗುತ್ತಾರೆ. ಅವ್ವನ ಕಾಲು ತೋರಿಸಿ, ಯಾರಾದರೊಬ್ಬರು ಬಂದೇ ಬರುತ್ತಾರೆ.

ಅಲ್ಲಿ ನಿಂತು ಮೊದಲು ಗೇಟಿನ ಎರಡು ಕಂಬ ನೋಡಿ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಅಂದರೆ ಇಂಗ್ಲೆಂಡು, ಹುಲಿ ಅಂದರೆ ನಾವು. ಗುಮ್ಮಟದ ತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಬಲಗೈಯಲ್ಲಿ ಎತ್ತಿ ಹಿಡಿದ ಪಂಜು, ಎಡಗೈ ಹತ್ತಿರ ಚಕ್ರ. ಆಕೆಯ ಹೆಸರು ಪ್ರಗತಿ. ಕೆತ್ತಿದವನು ಥಾಮಸ್ ಅರ್ಪ್. ಕೆಳಗೆ ಗೋಡೆಯ ದುಂಡು ಚೌಕಟ್ಟುಗಳಲ್ಲಿ ಕಂಪನಿಯ ದೊಡ್ಡ ಮನುಷ್ಯರ ತಲೆಗಳಿವೆ. ಅವುಗಳ ಸಾಲಿನಲ್ಲಿ ಜಮ್ಸೆಟ್‌ಜಿ ಜೀಜೀಭಾಯ್, ಜಗನ್ನಾಥ ಶಂಕರಶೇಟ್ ಇದ್ದಾರೆ. ಇವರಿಬ್ಬರೂ ಈ ಊರಿನವರು. ರೈಲು ಬೇಕು ಅಂತ ಮೊದಲೇ ಓಡಾಡಿದವರು, ದುಡ್ಡು ಹಾಕಿದವರು. ಪೇಟ ಸುತ್ತಿದ ತಲೆ ಯಾವುದು, ಟೋಪಿ ಇಲ್ಲದ್ದು ಯಾವುದು ಅಂತ ಮಗಳಿಗೆ ಹುಡುಕೋಕೆ ಹೇಳಿ.

ಆಮೇಲೆ ಗಡಿಯಾರದ ಕೆಳಗೆ ನೋಡಿ. ಒಂದು ದೊಡ್ಡ ಗೂಡು ಇದೆ, ಖಾಲಿ. ಅಲ್ಲಿ ಒಂದು ಕಾಲಕ್ಕೆ ವಿಕ್ಟೋರಿಯಾ ರಾಣಿಯ ಪ್ರತಿಮೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ತೆಗೆದರು. ಗೂಡಿಗೆ ಬೇರೆ ಏನನ್ನೂ ತುಂಬಲಿಲ್ಲ. ಹೆಸರು ಬದಲಾಯಿತು, ರಾಣಿ ಇಳಿದಳು, ಪ್ರಗತಿಯಮ್ಮ ಮಾತ್ರ ಮೇಲೇ ಇದ್ದಾಳೆ.

ನೀವು ಬೆನ್ನು ಹಾಕಿ ನಿಂತಿರುವ ಪಾಲಿಕೆ ಕಟ್ಟಡವನ್ನೂ ಒಮ್ಮೆ ತಿರುಗಿ ನೋಡಿ. ಅದೂ ಸ್ಟೀವನ್ಸ್‌ನದೇ, 1893ರಲ್ಲಿ ಮುಗಿದದ್ದು. ಮುಂಭಾಗದಲ್ಲಿ ರೆಕ್ಕೆಯ ಹೆಂಗಸೊಬ್ಬಳ ಪ್ರತಿಮೆ, ‘ಅರ್ಬ್ಸ್ ಪ್ರೈಮಾ ಇನ್ ಇಂಡಿಸ್’ ಅಂತ ಲ್ಯಾಟಿನ್ ಮಾತು. ಭಾರತದ ಮೊದಲ ನಗರ ಅಂತ ಅರ್ಥ. ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಚರ್ಚ್‌ಗೇಟ್ ಹತ್ತಿರದ ವೆಸ್ಟರ್ನ್ ರೈಲ್ವೆ ಹೆಡ್ ಆಫೀಸೂ ಅವನದೇ, 1899. ಅದರ ಮರುವರ್ಷ ಇದೇ ಊರಿನಲ್ಲಿ ತೀರಿಕೊಂಡ.

ಕತ್ತಲಾಗುತ್ತಲೇ ಸ್ಟೇಷನ್ನಿಗೆ ಬಣ್ಣದ ದೀಪ ಹಾಕುತ್ತಾರೆ. ಒಂದು ದಿನ ನೇರಳೆ, ಇನ್ನೊಂದು ದಿನ ಹಸಿರು. ಜನಕ್ಕೆ ಬಹಳ ಇಷ್ಟ. ನನಗೆ ಅಷ್ಟಾಗಿ ಹಿಡಿಸೋದಿಲ್ಲ. ಬೆಲ್ಲದ ಬಣ್ಣದ ಕಲ್ಲಿಗೆ ನೇರಳೆ ಬಳಿದರೆ ಮದುವೆ ಮಂಟಪದ ಹಾಗೆ ಕಾಣುತ್ತದೆ. ಮಗಳು ಫೋಟೋ ತೆಗೆಯಲಿ ಬಿಡಿ. ಮೊಬೈಲಿನಲ್ಲಿ ತೆಗೆದರೆ ಯಾರೂ ಏನೂ ಅನ್ನೋದಿಲ್ಲ. ಮೂರು ಕಾಲಿನ ಸ್ಟ್ಯಾಂಡು ಬಿಡಿಸಿದರೆ ಪೊಲೀಸರು ಬರುತ್ತಾರೆ. ಈಗಿನ ಕೆಲಸದಿಂದಾಗಿ ಸ್ಟೇಷನ್ನಿನ ಕೆಲವು ಕಡೆ ತಗಡು ಕಟ್ಟಿರಬಹುದು, ಅದಕ್ಕೆ ಮನಸ್ಸು ತಯಾರಿರಲಿ.

ಊಟಕ್ಕೆ ದೂರ ಹೋಗಬೇಕಿಲ್ಲ. ಪಾಲಿಕೆ ಕಟ್ಟಡದ ಪಕ್ಕದಲ್ಲೇ ಕ್ಯಾನನ್ ಪಾವ್‌ಭಾಜಿ, ನಿಂತು ತಿನ್ನುವ ಜಾಗ. ಕ್ಯಾಪಿಟಲ್ ಸಿನೆಮಾದ ಕಟ್ಟಡದಲ್ಲಿ ಆರಾಮ್, ವಡಾ ಪಾವ್‌ಗೆ ಹೆಸರಾದದ್ದು. ಬಜಾರ್‌ಗೇಟ್ ಕಡೆ ಪಂಚಮ್ ಪುರಿವಾಲಾ, ಪೂರಿ ಭಾಜಿ. ಅವ್ವನಿಗೆ ಇವೆಲ್ಲ ಖಾರ, ಎಣ್ಣೆ ಅನಿಸಿದರೆ ಫೋರ್ಟ್‌ನ ಗಲ್ಲಿಗಳಲ್ಲಿ ಉಡುಪಿ ಹೋಟೆಲುಗಳಿವೆ. ಇಡ್ಲಿ, ಮೊಸರನ್ನ ಸಿಗುತ್ತದೆ. ಗಲ್ಲಾದಲ್ಲಿ ಕೂತವರ ಜೊತೆ ಕನ್ನಡದಲ್ಲಿ ಮಾತಾಡಿ ನೋಡಿ. ಹತ್ತರಲ್ಲಿ ಐದು ಕಡೆ ಕನ್ನಡದಲ್ಲೋ ತುಳುವಿನಲ್ಲೋ ಉತ್ತರ ಬರುತ್ತದೆ. ಹದಿನೆಂಟನೇ ಪ್ಲಾಟ್‌ಫಾರಂ ಹತ್ತಿರ ಹಳೇ ರೈಲು ಡಬ್ಬಿಯನ್ನೇ ಹೋಟೆಲು ಮಾಡಿದ್ದಾರೆ. ಮಗಳು ಹಟ ಮಾಡಿದರೆ, ಆ ಹೊತ್ತಿಗೆ ತೆರೆದಿದ್ದರೆ, ಅಲ್ಲೇ ಕೂರಬಹುದು. ಪಕ್ಕದಲ್ಲಿ ಹೆರಿಟೇಜ್ ಗಲ್ಲಿ ಅಂತ ಹಳೇ ಇಂಜಿನ್ನು, ಯಂತ್ರಗಳನ್ನು ಇಟ್ಟ ಬಯಲು ಜಾಗವೂ ಇದೆ. ಆದರೆ ಆ ಹೋಟೆಲಿನಲ್ಲಿ ರುಚಿಗಿಂತ ಡಬ್ಬಿಗೇ ದುಡ್ಡು ಕೊಟ್ಟ ಹಾಗೆ.

ಎಂಟು ಗಂಟೆಗೆಲ್ಲ ಮೇಲ್ ಗಾಡಿಗಳ ಹಾಲಿಗೆ ವಾಪಸ್ ಬನ್ನಿ. ಅಲ್ಲಿ ಕೂತಿರುವಾಗ ಒಂದು ಮಾತು ನೆನಪಿರಲಿ. 2008ರ ನವೆಂಬರ್ 26, ರಾತ್ರಿ ಸುಮಾರು ಒಂಬತ್ತೂವರೆ. ಇಬ್ಬರು ಬಂದೂಕು ಹಿಡಿದು ಇದೇ ಹಾಲಿಗೆ ನುಗ್ಗಿದರು. ನಿಮ್ಮ ಹಾಗೇ ಬ್ಯಾಗು ಇಟ್ಟುಕೊಂಡು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು, ರಾತ್ರಿ ಗಾಡಿಗೆ ಕಾಯುತ್ತಿದ್ದವರು. 58 ಜನ ಸತ್ತರು, ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಅನೌನ್ಸ್‌ಮೆಂಟ್ ಮಾಡುವವರು ಮೇಲಿನ ಕೋಣೆಯಿಂದ ನೋಡಿ, ಈ ಕಡೆ ಬರಬೇಡಿ, ಆ ಕಡೆಯಿಂದ ಹೊರಗೆ ಹೋಗಿ ಅಂತ ಮೈಕಿನಲ್ಲಿ ಕೂಗುತ್ತಲೇ ಇದ್ದರು. ಅದರಿಂದ ಎಷ್ಟೋ ಜನ ಉಳಿದರು. ಹತ್ತು ವರ್ಷದ ಹುಡುಗಿಗೆ ಇದನ್ನು ಹೇಳಬೇಕೇ ಅಂತ ನೀವು ಯೋಚಿಸಬಹುದು. ನಾನು ನನ್ನ ಮೊಮ್ಮಗನಿಗೆ ಹೇಳಿದೆ. ಅವನು ಆ ದಿನದಿಂದ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟ್ ಬಂದರೆ ಮಾತು ನಿಲ್ಲಿಸಿ ಕೇಳುತ್ತಾನೆ.

ನಡಿಗೆಗೆಂದು ಬರುವವರು, ಅಂದರೆ ಗಾಡಿ ಇಲ್ಲದೆ ಬರೀ ನೋಡೋಕೆ ಬರುವವರು, ಮೆಟ್ರೋದಲ್ಲಿ ಬರಬಹುದು. 2025ರ ಅಕ್ಟೋಬರ್‌ನಿಂದ ನೆಲದಡಿಯ ಮೆಟ್ರೋಗೆ ಇಲ್ಲೂ ಸ್ಟೇಷನ್ ಇದೆ, ವಿಮಾನ ನಿಲ್ದಾಣದಿಂದ ನೇರ. ನಾಲ್ಕು ಬ್ಯಾಗಿನ ನಿಮಗೆ ಟ್ಯಾಕ್ಸಿಯೇ ಸರಿ.

ಕೊನೆಗೆ ಗಾಡಿ ಹತ್ತುವ ವಿಷಯ. ಹಳಿಗಳೆಲ್ಲ ಇಲ್ಲೇ ಮುಗಿಯುತ್ತವೆ ಅಂದೆನಲ್ಲ, ಅದರಿಂದ ಒಂದು ತೊಂದರೆಯೂ ಇದೆ. ನೀವು ಪ್ಲಾಟ್‌ಫಾರಂಗೆ ಬರೋದು ಒಂದೇ ತುದಿಯಿಂದ. ನಿಮ್ಮ ಡಬ್ಬಿ ಆಚೆ ತುದಿಯಲ್ಲಿದ್ದರೆ ಇಡೀ ಗಾಡಿಯ ಉದ್ದ ನಡೆಯಬೇಕು. ಕ್ಲೋಕ್‌ರೂಮಿನಿಂದ ಬ್ಯಾಗು ಬಿಡಿಸಿಕೊಳ್ಳುವಾಗಲೇ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡಿನಲ್ಲಿ ನೋಡಿಕೊಳ್ಳಿ, ದೂರ ಇದ್ದರೆ ಒಬ್ಬ ಕೂಲಿಯವರನ್ನು ಗೊತ್ತು ಮಾಡಿ, ದರ ಮೊದಲೇ ಮಾತಾಡಿ. ಅವ್ವನನ್ನು ಅರ್ಧ ಗಂಟೆ ಮುಂಚೆಯೇ ಹೊರಡಿಸಿ, ಮಗಳು ಅಜ್ಜಿಯ ಜೊತೆ ನಿಧಾನಕ್ಕೆ ನಡೆಯಲಿ. ನೀವು ನೀರಿನ ಬಾಟಲಿ ತೆಗೆದುಕೊಂಡು ಹಿಂದಿನಿಂದ ಹೋಗಿ ಸೇರಿಕೊಳ್ಳಿ.